ಸ್ಪೀಕರ್ ವೈರ್: ಒಂಟಿ ತಂತಿಯೋ, ಎಳೆ ತಂತಿಯೋ? ಅಳೆದು, ಕೊಂಡು, ಜೋಡಿಸುವ ಸಮಗ್ರ ಮಾರ್ಗದರ್ಶಿ

ಆಂಪ್ಲಿಫೈಯರ್ ಬಂತು, ಸ್ಪೀಕರ್‌ಗಳೂ ಬಂದವು. ಇನ್ನು ಉಳಿದಿರುವುದು ಎರಡನ್ನೂ ಸೇರಿಸುವ ವೈರ್. ಅದನ್ನು ಕೊಳ್ಳಲು ಹೋದರೆ ಗೊಂದಲ ಶುರುವಾಗುತ್ತದೆ. ಒಳಗೆ ಒಂದೇ ಗಟ್ಟಿ ತಂತಿ ಇರುವ ಸಾಲಿಡ್ ಕೋರ್ ಕೇಬಲ್ಲಿನಲ್ಲಿ ದನಿ ಶುದ್ಧವಾಗಿರುತ್ತದೆ ಎಂದು ಒಬ್ಬರು ಹೇಳುತ್ತಾರೆ. ಸಣ್ಣ ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಸ್ಟ್ರಾಂಡೆಡ್ ಕೇಬಲ್ಲಿನಲ್ಲಿಯೇ ಬೇಸ್ ತುಂಬಿ ಬರುತ್ತದೆ ಎಂದು ಇನ್ನೊಬ್ಬರು ಆಣೆ ಮಾಡುತ್ತಾರೆ. ಕೊನೆಗೆ ಇಬ್ಬರೂ ಬೆರಳು ತೋರಿಸುವುದು ಅಂಗಡಿಯ ಅತಿ ದುಬಾರಿ ಪೊಟ್ಟಣದ ಕಡೆಗೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಾಮ್ರ ಅಸಲಿಯಾಗಿದ್ದು, ದಪ್ಪವೂ ಉದ್ದವೂ ಒಂದೇ ಆಗಿದ್ದರೆ, ಮನೆಯೊಳಗಿನ ದೂರಗಳಲ್ಲಿ ಒಂಟಿ ತಂತಿಗೂ ಎಳೆ ತಂತಿಗೂ ಕಿವಿಗೆ ನಿಲುಕುವ ವ್ಯತ್ಯಾಸವಿಲ್ಲ. ಹಾಗೆಂದು ಕೈಗೆ ಸಿಕ್ಕಿದ್ದನ್ನು ಹಾಕಬಹುದು ಎಂದಲ್ಲ. ವೈರ್ ಎಲ್ಲಿ ಹಾದುಹೋಗುತ್ತದೆ, ಎಷ್ಟು ಸಲ ಬಾಗುತ್ತದೆ, ಅದರ ತುದಿಯನ್ನು ಎಂಥ ಟರ್ಮಿನಲ್ ಹಿಡಿಯುತ್ತದೆ ಎಂಬುದನ್ನು ನೋಡಿದಾಗ ಎರಡರಲ್ಲಿ ಒಂದು ಆ ಜಾಗಕ್ಕೆ ಸರಿಹೋಗುತ್ತದೆ, ಇನ್ನೊಂದು ತೊಂದರೆ ಕೊಡುತ್ತದೆ. ದನಿಯ ಮಟ್ಟಿಗೆ ಲೆಕ್ಕ ಹಾಕಬೇಕಾದದ್ದು ದಪ್ಪವನ್ನು. ಆದ್ದರಿಂದ ಮೊದಲು ದಪ್ಪ, ಆಮೇಲೆ ಬಗೆ. ಇಲ್ಲಿನ ಹಂತಗಳೂ ಅದೇ ಕ್ರಮದಲ್ಲಿವೆ.

ಬೇಕಾಗುವ ಸಾಮಾನು: ಅಳತೆ ಟೇಪು, ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ವೈರ್ ಸ್ಟ್ರಿಪ್ಪರ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, ಒಂದು ಬ್ಲೇಡು, 1.5 ವೋಲ್ಟಿನ ಒಂದು ಸೆಲ್.

ಹಂತ 1: ಮನೆಯಲ್ಲೇ ಮೂರು ಸಂಗತಿ ಬರೆದುಕೊಳ್ಳಿ

ಮೊದಲನೆಯದು ಸ್ಪೀಕರಿನ ಇಂಪೀಡೆನ್ಸ್, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ. ಪೆಟ್ಟಿಗೆಯ ಹಿಂಬದಿಯಲ್ಲಿ 4, 6 ಅಥವಾ 8 ಓಮ್ ಎಂದು ಅಚ್ಚಾಗಿರುತ್ತದೆ. ಅದು ನಾಮಮಾತ್ರದ ಸಂಖ್ಯೆ. ನಿಜವಾದ ಇಂಪೀಡೆನ್ಸ್ ಕಂಪನಾಂಕಕ್ಕೆ ತಕ್ಕಂತೆ ಏರಿಳಿಯುತ್ತದೆ. ನಮೂದಿಸಿದ ಸಂಖ್ಯೆಯ ನೂರಕ್ಕೆ 80ರಷ್ಟರವರೆಗೆ ಇಳಿಯಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಎಂದರೆ 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲೋ ಒಂದು ಕಡೆ 6.4 ಓಮ್‌ಗೆ ಇಳಿದರೆ ಅದು ದೋಷವಲ್ಲ.

ಎರಡನೆಯದು ಉದ್ದ. ಗಾಳಿಯಲ್ಲಿ ನೇರವಾಗಿ ಅಳೆದು ಮೋಸಹೋಗಬೇಡಿ. ವೈರ್ ನಿಜವಾಗಿ ಹೋಗುವ ದಾರಿಯಲ್ಲಿ, ಅಂದರೆ ಗೋಡೆಯ ಬುಡದುದ್ದಕ್ಕೂ, ಬಾಗಿಲ ಚೌಕಟ್ಟನ್ನು ಬಳಸಿಕೊಂಡು, ಟಿ.ವಿ. ಸ್ಟ್ಯಾಂಡಿನ ಹಿಂದಿನಿಂದ ಟೇಪು ಹಿಡಿಯಿರಿ. ಅದರ ಮೇಲೆ ಎರಡೂ ತುದಿಗೆ ಅರ್ಧರ್ಧ ಮೀಟರ್ ಸೇರಿಸಿ. ಗುಡಿಸಿ ಒರೆಸುವಾಗ ಸ್ಪೀಕರನ್ನು ಈಚೆ ಎಳೆಯಲು ಅಷ್ಟು ಸಡಿಲ ಬೇಕು.

ಎಡ ಬಲದ ವೈರ್‌ಗಳು ಒಂದೇ ಉದ್ದವಿರಲೇಬೇಕು ಎಂಬ ಮಾತನ್ನು ನೀವು ಕೇಳಿರಬಹುದು. ಎರಡು ಮೀಟರಿನ ವ್ಯತ್ಯಾಸದಿಂದ ಆಗುವ ವಿಳಂಬ ಸೆಕೆಂಡಿನ ನೂರು ಕೋಟಿಯಲ್ಲಿ ಸುಮಾರು ಹತ್ತು ಪಾಲು. ಕಿವಿಗೆ ಅದು ಲೆಕ್ಕಕ್ಕೇ ಇಲ್ಲ. ಉಳಿದ ವೈರನ್ನು ಸುರುಳಿ ಸುತ್ತಿಟ್ಟರೂ ಕೆಡುಕಿಲ್ಲ. ಜೋಡಿ ತಂತಿಯಲ್ಲಿ ಹೋಗುವ ವಿದ್ಯುತ್ತೂ ಮರಳುವ ವಿದ್ಯುತ್ತೂ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಅಳಿಸಿಬಿಡುತ್ತದೆ.

ಮೂರನೆಯದು ಟರ್ಮಿನಲ್. ತಿರುಪುವ ಬೈಂಡಿಂಗ್ ಪೋಸ್ಟೋ, ಒತ್ತಿ ಬಿಡುವ ಸ್ಪ್ರಿಂಗ್ ಕ್ಲಿಪ್ಪೋ? ಆಂಪ್ಲಿಫೈಯರಿನಲ್ಲಿ ಒಂದು ಬಗೆ, ಸ್ಪೀಕರಿನಲ್ಲಿ ಇನ್ನೊಂದು ಬಗೆ ಇರುವುದೂ ಉಂಟು. ಮೊಬೈಲಿನಲ್ಲಿ ಎರಡರ ಚಿತ್ರ ತೆಗೆದಿಟ್ಟುಕೊಳ್ಳಿ.

ಹಂತ 2: ದಪ್ಪವನ್ನು ಲೆಕ್ಕ ಹಾಕಿ

ವೈರಿನ ರೋಧ ಸ್ಪೀಕರಿನ ಇಂಪೀಡೆನ್ಸಿನ ನೂರಕ್ಕೆ 5ನ್ನು ಮೀರಬಾರದು ಎಂಬುದು ಬಹುಕಾಲದಿಂದ ಚಲಾವಣೆಯಲ್ಲಿರುವ ಸೂತ್ರ. 8 ಓಮ್ ಸ್ಪೀಕರಿಗೆ 0.4 ಓಮ್, 4 ಓಮ್ ಸ್ಪೀಕರಿಗೆ 0.2 ಓಮ್ ಗರಿಷ್ಠ ಮಿತಿ. ಲೆಕ್ಕದಲ್ಲಿ ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಬೇಕು; 5 ಮೀಟರ್ ದೂರವೆಂದರೆ 10 ಮೀಟರ್ ತಾಮ್ರ. ಇದನ್ನು ಮರೆತು ಅರ್ಧ ಲೆಕ್ಕ ಹಾಕುವವರೇ ಹೆಚ್ಚು.

ಭಾರತೀಯ ಮಾನದಂಡ ಐಎಸ್ 8130 ಬಾಗುವ ಎಳೆ ತಂತಿಗೆ ಗೊತ್ತುಪಡಿಸಿದ ಗರಿಷ್ಠ ರೋಧವನ್ನು ಹಿಡಿದು ಲೆಕ್ಕ ಹಾಕಿದರೆ ಸಿಗುವ ಮಿತಿಗಳಿವು (ಚದರ ಮಿ.ಮೀ. ಎಂದರೆ ತಂತಿಯನ್ನು ಅಡ್ಡ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ; ದೂರ ಒಂದು ಕಡೆಯದು):

- 1 ಚದರ ಮಿ.ಮೀ.: ಮೀಟರಿಗೆ 19.5 ಮಿಲಿಓಮ್. 8 ಓಮ್‌ಗೆ 10 ಮೀಟರ್, 4 ಓಮ್‌ಗೆ 5 ಮೀಟರ್
- 1.5 ಚದರ ಮಿ.ಮೀ.: 13.3 ಮಿಲಿಓಮ್. 15 ಮೀಟರ್, 7.5 ಮೀಟರ್
- 2.5 ಚದರ ಮಿ.ಮೀ.: 7.98 ಮಿಲಿಓಮ್. 25 ಮೀಟರ್, 12.5 ಮೀಟರ್
- 4 ಚದರ ಮಿ.ಮೀ.: 4.95 ಮಿಲಿಓಮ್. 40 ಮೀಟರ್, 20 ಮೀಟರ್

ಈ 5ರ ಸೂತ್ರ ನನಗೆ ಸ್ವಲ್ಪ ಉದಾರವಾಗಿ ಕಾಣುತ್ತದೆ. ಕಾರಣ ಹೀಗಿದೆ. ಸ್ಪೀಕರಿನ ಇಂಪೀಡೆನ್ಸ್ ಒಂದು ಕಂಪನಾಂಕದಲ್ಲಿ 6 ಓಮ್, ಇನ್ನೊಂದರಲ್ಲಿ 30 ಓಮ್ ಇದೆ ಎನ್ನಿ. ನಡುವೆ 0.4 ಓಮ್ ವೈರ್ ಇದ್ದರೆ ಮೊದಲನೆಯ ಕಡೆ 0.56 ಡೆಸಿಬಲ್ (ದನಿಯ ಮಟ್ಟದ ಅಳತೆ) ಸೋರುತ್ತದೆ, ಎರಡನೆಯ ಕಡೆ ಬರೀ 0.12 ಸೋರುತ್ತದೆ. ಅಂದರೆ ದನಿ ಒಟ್ಟಾರೆ ತಗ್ಗುವುದಲ್ಲದೆ ಅದರ ಸಮತೋಲವೂ ಅರ್ಧ ಡೆಸಿಬಲ್‌ನಷ್ಟು ಓರೆಯಾಗುತ್ತದೆ. ಎಚ್ಚರದ ಕಿವಿ ಇದನ್ನು ಗುರುತಿಸೀತು. ವೈರ್ 0.1 ಓಮ್‌ಗೆ ಇಳಿದರೆ ಆ ಓರೆ 0.11 ಡೆಸಿಬಲ್‌ಗೆ ತಗ್ಗಿ ಚಿಂತೆ ಮುಗಿಯುತ್ತದೆ. ಹೀಗಾಗಿ 5ರ ಬದಲು 2 ಅಥವಾ 3ಕ್ಕೆ ಗುರಿಯಿಡಿ. ಒಂದು ಅಳತೆ ಮೇಲಿನ ವೈರಿಗೆ ಆಗುವ ಹೆಚ್ಚುವರಿ ಖರ್ಚು ದೊಡ್ಡದಲ್ಲ.

ನಡುಮನೆಯಲ್ಲಿ 3 ಮೀಟರ್ ದೂರದ 8 ಓಮ್ ಸ್ಪೀಕರಿಗೆ 1 ಚದರ ಮಿ.ಮೀ. ಸಾಕು, 1.5 ಧಾರಾಳ. ಹೋಮ್ ಥಿಯೇಟರಿನ ಹಿಂಬದಿಯ 6 ಓಮ್ ಸ್ಪೀಕರ್ 14 ಮೀಟರ್ ದೂರದಲ್ಲಿದ್ದರೆ 1.5ರ ವೈರ್ 0.37 ಓಮ್ ಆಗಿ 5ರ ಮಿತಿಯನ್ನೇ (0.3 ಓಮ್) ದಾಟುತ್ತದೆ, ಅಲ್ಲಿ ಕನಿಷ್ಠ 2.5 ಬೇಕು.

ಅಂಗಡಿಯಲ್ಲಿ ಕೇಳಿಬರುವ 14/76, 23/76, 40/76 ಎಂಬ ಹಳೆಯ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಮೊದಲ ಸಂಖ್ಯೆ ಎಳೆಗಳದ್ದು; 76 ಎಂದರೆ ಎಳೆಯೊಂದರ ವ್ಯಾಸ 0.0076 ಇಂಚು, ಅಂದರೆ 0.193 ಮಿ.ಮೀ. ಇದನ್ನೇ 36 ಗೇಜ್ ಎಂದು ಹಿಡಿದು 14/36, 23/36 ಎಂದೂ ಕರೆಯುತ್ತಾರೆ. ಹೀಗೆ 14/76 ಎಂದರೆ 0.41, 23/76 ಎಂದರೆ 0.67, 40/76 ಎಂದರೆ 1.17 ಚದರ ಮಿ.ಮೀ. ಸ್ಪೀಕರ್ ಪೆಟ್ಟಿಗೆಯೊಳಗೆ ಪುಕ್ಕಟೆ ಬರುವ ವೈರ್ ಅನೇಕ ಸಲ 14/76ಕ್ಕಿಂತಲೂ ಸಣಕಲು. ಅದನ್ನು ಬೇರೆ ಕೆಲಸಕ್ಕೆ ಎತ್ತಿಡಿ.

ಹಂತ 3: ಎರಡರ ನಡುವೆ ನಿಜವಾಗಿ ಇರುವ ವ್ಯತ್ಯಾಸವೇನು?

ಅದೇ ಐಎಸ್ 8130ರಲ್ಲಿ 2.5 ಚದರ ಮಿ.ಮೀ. ಒಂಟಿ ತಂತಿಯ ಗರಿಷ್ಠ ರೋಧ ಕಿಲೋಮೀಟರಿಗೆ 7.41 ಓಮ್, ಎಳೆ ತಂತಿಯದು 7.98 ಓಮ್. ಎಳೆಗಳು ಹೊಸೆದುಕೊಂಡು ಹೋಗುವುದರಿಂದ ಅವು ಸಾಗುವ ದಾರಿ ತುಸು ಉದ್ದ, ಜೊತೆಗೆ ತಯಾರಿಕೆಗೆ ಒಂದಿಷ್ಟು ರಿಯಾಯಿತಿ. ವ್ಯತ್ಯಾಸ ನೂರಕ್ಕೆ 8ರ ಆಸುಪಾಸು. ಇದು ಎಷ್ಟು ಸಣ್ಣದೆಂದು ತಿಳಿಯಬೇಕಾದರೆ ತಾಮ್ರದ ಗುಣವನ್ನೇ ನೋಡಿ. ಬಿಸಿ ಒಂದು ಡಿಗ್ರಿ ಏರಿದರೆ ಅದರ ರೋಧ ನೂರಕ್ಕೆ 0.39ರಷ್ಟು ಏರುತ್ತದೆ. ಬೆಂಗಳೂರಿನ 20 ಡಿಗ್ರಿಯ ಬೆಳಗಿನಲ್ಲಿದ್ದ ವೈರನ್ನು ಕಲಬುರಗಿಯ ಮೇ ತಿಂಗಳ 40 ಡಿಗ್ರಿಗೆ ಒಯ್ದರೆ ಅಷ್ಟೇ, ಹತ್ತಿರ ಹತ್ತಿರ 8ರಷ್ಟು ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ದನಿ ಮಂಕಾಯಿತೆಂದು ಯಾರೂ ಸ್ಪೀಕರ್ ವೈರ್ ಬದಲಿಸಿದ್ದನ್ನು ನಾನು ಕಂಡಿಲ್ಲ.

ಮುಂದಿನದು ಸ್ಕಿನ್ ಎಫೆಕ್ಟ್. ಕಂಪನಾಂಕ ಏರಿದಂತೆ ವಿದ್ಯುತ್ತು ತಂತಿಯ ನಡುಭಾಗವನ್ನು ಬಿಟ್ಟು ಅಂಚಿಗೆ ಸರಿಯುವುದು ನಿಜ. ತಾಮ್ರದಲ್ಲಿ ಅದು ಇಳಿಯುವ ಆಳ 1,000 ಹರ್ಟ್ಸ್‌ನಲ್ಲಿ ಸುಮಾರು 2 ಮಿ.ಮೀ., 20,000 ಹರ್ಟ್ಸ್‌ನಲ್ಲಿ 0.46 ಮಿ.ಮೀ. 2.5 ಚದರ ಮಿ.ಮೀ. ಒಂಟಿ ತಂತಿಯ ವ್ಯಾಸ 1.78 ಮಿ.ಮೀ. ಆದ್ದರಿಂದ 20,000 ಹರ್ಟ್ಸ್‌ನಲ್ಲಿ ಅದರ ರೋಧ ಕಾಲುಭಾಗಕ್ಕೆ ಹತ್ತಿರದಷ್ಟು ಏರುತ್ತದೆ. ಕೇಳಲು ಭಯವಾಗುತ್ತದೆ. ಆದರೆ 5 ಮೀಟರ್ ದೂರಕ್ಕೆ ಆ ಏರಿಕೆ 0.017 ಓಮ್, 8 ಓಮ್ ಸ್ಪೀಕರಿನಲ್ಲಿ ಅದರ ಫಲ 0.02 ಡೆಸಿಬಲ್. ನಡುವಯಸ್ಸು ದಾಟಿದ ಕಿವಿಗೆ ಆ ಕಂಪನಾಂಕವೇ ಕೇಳಿಸುವುದಿಲ್ಲ ಎಂಬುದು ಬೇರೆ ಮಾತು.

ಎಳೆ ತಂತಿಯವರು ಇಲ್ಲಿ ಗೆದ್ದೆವೆಂದು ಬೀಗುವಂತಿಲ್ಲ. ಎಳೆಗಳು ಬರಿಮೈಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಇಡೀ ಕಟ್ಟು ವಿದ್ಯುತ್ತಿನ ಕಣ್ಣಿಗೆ ಒಂದೇ ದಪ್ಪ ತಂತಿಯಂತೆ ಕಾಣುತ್ತದೆ, ಸ್ಕಿನ್ ಎಫೆಕ್ಟ್ ಸರಿಸುಮಾರು ಹಾಗೇ ಉಳಿಯುತ್ತದೆ. ಪ್ರತಿ ಎಳೆಗೂ ಬೇರೆ ಬೇರೆ ಎನಾಮೆಲ್ ಲೇಪಿಸಿ ಹೆಣೆದ ಲಿಟ್ಜ್ ತಂತಿಯಲ್ಲಿ ಮಾತ್ರ ಅದು ತಗ್ಗುತ್ತದೆ. ವಿದ್ಯುತ್ತು ಎಳೆಯಿಂದ ಎಳೆಗೆ ಜಿಗಿಯುವಾಗ ದನಿ ಒರಟಾಗುತ್ತದೆ ಎಂಬುದು ಒಂಟಿ ತಂತಿಯವರ ವಾದ. ಅಂಥ ಒರಟುತನವಿದ್ದರೆ ಅದು ಡಿಸ್ಟಾರ್ಷನ್ ಮೀಟರಿನಲ್ಲಿ ಮೂಡಬೇಕು. ಸರಿಯಾದ ಜೋಡಣೆಯಿರುವ ವೈರಿನಲ್ಲಿ ಮೂಡುವುದಿಲ್ಲ.

ಇವೆರಡರ ಜಗಳದಲ್ಲಿ ಯಾರೂ ನೆನೆಯದ ಸಂಗತಿ ಇಂಡಕ್ಟೆನ್ಸ್, ಅಂದರೆ ವಿದ್ಯುತ್ತಿನ ಬದಲಾವಣೆಗೆ ತಂತಿ ಒಡ್ಡುವ ತಡೆ. ಅಕ್ಕಪಕ್ಕ ಅಂಟಿಕೊಂಡ ಜೋಡಿ ವೈರಿನಲ್ಲಿ ಅದು ಮೀಟರಿಗೆ ಸುಮಾರು 0.6 ಮೈಕ್ರೊಹೆನ್ರಿ, ತಂತಿ ಯಾವ ಬಗೆಯದಾದರೂ ಅಷ್ಟೇ. ಅದನ್ನು ಬದಲಿಸುವುದು ತಂತಿಗಳ ನಡುವಿನ ಅಂತರ. ಕೆಂಪು ವೈರನ್ನು ಒಂದು ದಾರಿಯಲ್ಲಿ, ಕಪ್ಪನ್ನು ಒಂದಡಿ ಆಚೆ ಇನ್ನೊಂದು ದಾರಿಯಲ್ಲಿ ಎಳೆದರೆ ಇಂಡಕ್ಟೆನ್ಸ್ ಮೂರು ನಾಲ್ಕು ಪಟ್ಟಾಗಿ, ಉದ್ದದ ವೈರಿಂಗಿನಲ್ಲಿ ಮೇಲಿನ ಸ್ವರಗಳು ಮಸುಕಾಗಲು ಶುರುವಾಗುತ್ತದೆ. ಎರಡನ್ನೂ ಜೊತೆಯಾಗಿ, ಸಾಧ್ಯವಾದರೆ ಹೊಸೆದು ಒಯ್ಯಿರಿ.

ಆಮ್ಲಜನಕವಿಲ್ಲದ ತಾಮ್ರ ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದರ ವಾಹಕತೆ ಸಾಮಾನ್ಯ ವಿದ್ಯುತ್ ತಾಮ್ರಕ್ಕಿಂತ ನೂರಕ್ಕೆ 1ರಷ್ಟು ಹೆಚ್ಚಿದ್ದರೆ ಹೆಚ್ಚು. ಆ ಒಂದು ಅಂಶಕ್ಕೆ ದುಪ್ಪಟ್ಟು ದುಡ್ಡು ಕೊಡಬೇಡಿ.

ಹಂತ 4: ವೈರ್ ಹೋಗುವ ದಾರಿ ನೋಡಿ ಬಗೆ ಆರಿಸಿ

ಮನೆ ಕಟ್ಟಿಸುತ್ತಿದ್ದು, ಗೋಡೆಯೊಳಗಿನ ಪೈಪಿನಲ್ಲಿ ವೈರ್ ಹಾಕಿಸುವುದಾದರೆ ಎಳೆ ತಂತಿಯೇ ಸರಿ. 2.5ರ ಒಂಟಿ ತಂತಿಯನ್ನು ಎರಡು ಬೆಂಡ್ ದಾಟಿಸಿ ಎಳೆಯುವುದು ಎಲೆಕ್ಟ್ರಿಷಿಯನ್ನನ ತಾಳ್ಮೆಯ ಪರೀಕ್ಷೆ. ಬಲವಾಗಿ ಎಳೆದಾಗ ಬೆಂಡಿನ ಮೂಲೆಗೆ ಉಜ್ಜಿ ಹೊದಿಕೆ ತರಚುತ್ತದೆ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಈಚಿನ ಮನೆ ವೈರಿಂಗಿನ, ಬೆಂಕಿ ಸುಲಭವಾಗಿ ಹಬ್ಬದ ಹೊದಿಕೆಯ ಎಫ್‌ಆರ್ ವೈರ್‌ಗಳು ಹೇಗೂ ಎಳೆಯವೇ: 1.5ರಲ್ಲಿ 0.3 ಮಿ.ಮೀ.ನ 22 ಎಳೆ, 2.5ರಲ್ಲಿ 36 ಎಳೆ ಸಾಮಾನ್ಯ. ಕೆಂಪು, ಕಪ್ಪು ಎರಡು ವೈರ್‌ಗಳ ಒಂದು ತುದಿಯನ್ನು ಡ್ರಿಲ್ ಮಷಿನ್ನಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ನಿಧಾನವಾಗಿ ತಿರುಗಿಸಿದರೆ ಒಳ್ಳೆಯ ಸ್ಪೀಕರ್ ಕೇಬಲ್ ಸಿದ್ಧ. ಹೊಸೆಯುವಾಗ ಉದ್ದ ಕುಗ್ಗುವುದರಿಂದ ಹತ್ತರಲ್ಲೊಂದು ಪಾಲು ಹೆಚ್ಚು ಕತ್ತರಿಸಿಕೊಳ್ಳಿ. ಹೀಗೆ ಮಾಡಿದ ವೈರಿನ ದನಿಯಲ್ಲಿ ನನಗೆ ಯಾವ ಕೊರತೆಯೂ ಕಂಡಿಲ್ಲ. ಅದರ ಕೊರತೆಯೆಲ್ಲ ನೋಟದಲ್ಲಿ.

ಒಂದು ಎಚ್ಚರಿಕೆ: 230 ವೋಲ್ಟಿನ ವೈರ್ ಇರುವ ಪೈಪಿನಲ್ಲಿ ಸ್ಪೀಕರ್ ವೈರ್ ಹಾಕಲೇಬೇಡಿ. ಗುಂಯ್ ಸದ್ದು ಬಂದೀತೆಂಬುದು ಇಲ್ಲಿ ಮುಖ್ಯವಲ್ಲ. ಸ್ಪೀಕರ್ ಸಾಲಿನಲ್ಲಿ ಅದು ಹೆಚ್ಚಾಗಿ ಕೇಳಿಸುವುದೂ ಇಲ್ಲ. ಇಲಿ ಕಡಿದು ಎರಡೂ ಒಂದಾದರೆ ಆಂಪ್ಲಿಫೈಯರಿನ ಜೊತೆಗೆ ಅದನ್ನು ಮುಟ್ಟಿದವರ ಜೀವಕ್ಕೂ ಅಪಾಯ. ಬೇರೆ ಪೈಪು, ಒಂದಡಿ ಅಂತರ, ಅಡ್ಡ ಹಾಯಲೇಬೇಕಾದಲ್ಲಿ ನೇರ ಲಂಬವಾಗಿ.

ಗೋಡೆಯ ಬುಡದಲ್ಲಿ, ಸ್ಕರ್ಟಿಂಗ್ ಮೇಲಂಚಿನಲ್ಲಿ, ಬಾಗಿಲ ಚೌಕಟ್ಟಿನ ಸುತ್ತ ಕ್ಲಿಪ್ ಹೊಡೆದು ಒಯ್ಯುವುದಾದರೆ ಒಂಟಿ ತಂತಿಗೆ ಒಂದು ದೊಡ್ಡ ಗುಣವಿದೆ. ಬಗ್ಗಿಸಿದಂತೆ ನಿಲ್ಲುತ್ತದೆ. ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ಮಡಿಚಿದರೆ ಅಲ್ಲೇ ಕುಳಿತು ಗೆರೆ ಎಳೆದ ಹಾಗೆ ಕಾಣುತ್ತದೆ. ಎಳೆ ತಂತಿಯಾದರೆ ಎರಡು ಕ್ಲಿಪ್ಪಿನ ನಡುವೆ ಜೋಲುತ್ತದೆ, ಕ್ಲಿಪ್ಪು ಹೆಚ್ಚು ಬೇಕು. ಒಮ್ಮೆ ಹಾಕಿ ಮುಟ್ಟದೆ ಬಿಡುವ ಜಾಗಕ್ಕೆ ಒಂಟಿ ತಂತಿ ನನಗೆ ಇಷ್ಟ.

ಅದನ್ನೇ ಸರಿದಾಡುವ ಜಾಗಕ್ಕೆ ಹಾಕಿದರೆ ಕೆಡುತ್ತದೆ. ಮೇಜಿನ ಮೇಲಿನ ಸ್ಪೀಕರ್, ಚಕ್ರವಿರುವ ಸ್ಟ್ಯಾಂಡು, ವಾರಕ್ಕೊಮ್ಮೆ ಈಚೆ ಎಳೆಯುವ ಕಪಾಟು, ಇಲ್ಲೆಲ್ಲ ಒಂಟಿ ತಂತಿ ಒಂದೇ ಜಾಗದಲ್ಲಿ ಪದೇ ಪದೇ ಬಾಗಿ ದಣಿದು ತುಂಡಾಗುತ್ತದೆ. ಹೊದಿಕೆ ಹಾಗೇ ಇದ್ದು ಒಳಗೆ ಮುರಿದಿರುವುದರಿಂದ ದನಿ ಬಂದು ಹೋಗಿ ಆಡುತ್ತದೆ, ಕಾರಣ ಹುಡುಕಲು ಅರ್ಧ ದಿನ ಬೇಕು. ಎಳೆ ತಂತಿಯಲ್ಲಿ ಬಾಗುವ ಒತ್ತಡ ಹಂಚಿಹೋಗುತ್ತದೆ. ಎಳೆ ಸಣ್ಣದಾದಷ್ಟೂ ಬಾಳಿಕೆ ಹೆಚ್ಚು.

ಕರಾವಳಿಯ ವಿಚಾರ ಬೇರೆಯೇ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಪಾರದರ್ಶಕ ಹೊದಿಕೆಯ ಸ್ಪೀಕರ್ ಕೇಬಲ್ ಕೆಲವೇ ವರ್ಷಗಳಲ್ಲಿ ತುದಿಯಿಂದ ಒಳಕ್ಕೆ ಹಸಿರಾಗುತ್ತಾ ಹೋಗುವುದನ್ನು ಅಲ್ಲಿನವರು ನೋಡಿರುತ್ತಾರೆ. ಎಳೆಗಳ ನಡುವಿನ ಸಂದಿನಲ್ಲಿ ತೇವ ಒಳಸರಿಯುತ್ತದೆ, ಕಿಲುಬು ಹಿಡಿಯಲು ಮೈಯೂ ಜಾಸ್ತಿ. ಒಂಟಿ ತಂತಿಗೆ ಈ ಕಾಟ ಕಡಿಮೆ. ಎಳೆಯೇ ಬೇಕೆಂದರೆ ತವರ ಲೇಪಿಸಿದ ತಾಮ್ರದ ಎಳೆ ಹುಡುಕಿ, ಇಲ್ಲವೇ ತುದಿಗೆ ಲಗ್ (ತಂತಿಗೆ ತೊಡಿಸುವ ಲೋಹದ ಟೋಪಿ) ಒತ್ತಿ ಹೀಟ್‌ಶ್ರಿಂಕ್ ಕೊಳವೆಯಿಂದ ಬಾಯಿ ಮುಚ್ಚಿ.

ಒಂಟಿ ತಂತಿ ಎಲ್ಲಿ ಸಿಗುತ್ತದೆ? ದುಬಾರಿ ಬ್ರಾಂಡುಗಳನ್ನು ಬಿಟ್ಟರೆ ಎರಡು ದಾರಿಗಳಿವೆ. ಬೋರ್‌ವೆಲ್ ಮೋಟಾರಿನ ವೈಂಡಿಂಗ್ ವೈರ್ ಗಟ್ಟಿ ತಾಮ್ರದ ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದು. ರಿವೈಂಡಿಂಗ್ ಅಂಗಡಿ ಇರುವ ಯಾವ ಊರಿನಲ್ಲೂ ಸಿಕ್ಕೀತು. 18 ಗೇಜಿನದು 1.17, 16 ಗೇಜಿನದು 2.08 ಚದರ ಮಿ.ಮೀ. ಬರೀ ಎನಾಮೆಲ್ ತಂತಿಯಾದರೆ ಮೇಲೆ ಸ್ಲೀವ್ (ಕೊಳವೆಯಂಥ ಹೊದಿಕೆ) ಹಾಕದೆ ಬಳಸಬೇಡಿ, ಒಂದು ಗೀರು ಬಿದ್ದರೂ ಶಾರ್ಟ್ ಆಗುತ್ತದೆ. ಇನ್ನೊಂದು ದಾರಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಅದರ 0.57 ಮಿ.ಮೀ. ತಂತಿಗಳಲ್ಲಿ ಬಣ್ಣದ ನಾಲ್ಕನ್ನು ಧನಕ್ಕೆ, ಬಿಳಿಗೆರೆಯ ನಾಲ್ಕನ್ನು ಋಣಕ್ಕೆ ಸೇರಿಸಿದರೆ 1 ಚದರ ಮಿ.ಮೀ. ಆಗುತ್ತದೆ, ಇಂಡಕ್ಟೆನ್ಸೂ ತುಂಬಾ ಕಡಿಮೆ. ಆದರೆ ಹಲವು ಕೇಬಲ್‌ಗಳನ್ನು ಜಡೆ ಹೆಣೆದಂತೆ ಹೆಣೆದರೆ ಕೆಪಾಸಿಟೆನ್ಸ್ (ತಂತಿಗಳ ನಡುವೆ ವಿದ್ಯುದಾವೇಶ ಹಿಡಿದಿಡುವ ಗುಣ) ಏರಿ ಕೆಲವು ಆಂಪ್ಲಿಫೈಯರ್‌ಗಳು ಒಳಗೊಳಗೇ ಆಂದೋಲನಕ್ಕೆ ಬಿದ್ದು ಬಿಸಿಯಾಗುತ್ತವೆ. ಬ್ರಿಟನ್ನಿನ ನೈಮ್ ಕಂಪನಿಯ ಹಳೆಯ ಆಂಪ್ಲಿಫೈಯರ್‌ಗಳಿಗಂತೂ ಕನಿಷ್ಠ 3.5 ಮೀಟರ್ ವೈರ್ ಇರಬೇಕೆಂಬ ಸೂಚನೆಯಿತ್ತು. ಕೈಪಿಡಿಯಲ್ಲಿ ಇಂಥ ಮಾತಿದ್ದರೆ ಅದನ್ನು ಪಾಲಿಸಿ.

ಹಂತ 5: ಅಂಗಡಿಯಲ್ಲಿ ತಾಮ್ರವನ್ನು ಪರೀಕ್ಷಿಸಿ

ಒಂಟಿಯೋ ಎಳೆಯೋ ಎಂಬುದಕ್ಕಿಂತ ನೂರು ಪಾಲು ಮುಖ್ಯವಾದ ಹಂತ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಆನ್‌ಲೈನ್ ಅಂಗಡಿಯಾಗಲಿ, ತಾಮ್ರದ ಬಣ್ಣದ ಸ್ಪೀಕರ್ ವೈರ್‌ಗಳಲ್ಲಿ ಬಹಳಷ್ಟು ಒಳಗೆ ಅಲ್ಯೂಮಿನಿಯಂ, ಹೊರಗೆ ತೆಳು ತಾಮ್ರ. ಅಗ್ಗದ ನೆಟ್‌ವರ್ಕ್ ಕೇಬಲ್‌ಗಳಲ್ಲೂ ಇದೇ ಕಥೆ. ಅಂಥ ತಂತಿಯ ರೋಧ ಅದೇ ದಪ್ಪದ ತಾಮ್ರದ ಒಂದೂವರೆ ಪಟ್ಟು, ಮುರಿಯುವುದೂ ಬೇಗ.

ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ತವರ ಲೇಪಿಸಿದ ತಾಮ್ರ, ಅದು ಒಳ್ಳೆಯದೇ. ಎಳೆ ತೀರಾ ಸಣ್ಣದಾಗಿ ಕಣ್ಣಿಗೆ ಸಿಗದಿದ್ದರೆ ತೂಕ ನೋಡಿ. ಒಂದು ಮೀಟರ್ ವೈರಿನ ಹೊದಿಕೆ ಸುಲಿದು ಬರೀ ಲೋಹವನ್ನು ತೂಗಿದರೆ 2.5 ಚದರ ಮಿ.ಮೀ. ತಾಮ್ರ ಸುಮಾರು 22 ಗ್ರಾಂ ಬರಬೇಕು, 1.5 ಆದರೆ 13 ಗ್ರಾಂ. ಅಲ್ಯೂಮಿನಿಯಂ ಒಳಗಿದ್ದರೆ ಇದರ ಅರ್ಧವನ್ನೂ ಮುಟ್ಟುವುದಿಲ್ಲ.

ಇಡೀ ಸುರುಳಿ ಕೊಳ್ಳುವುದಾದರೆ ಮಲ್ಟಿಮೀಟರೇ ಸಾಕು. ಸಾಧಾರಣ ಮೀಟರಿಗೆ ಐದು ಮೀಟರ್ ವೈರಿನ ರೋಧ ಅಳೆಯುವ ಸೂಕ್ಷ್ಮತೆ ಇರುವುದಿಲ್ಲ. 90 ಮೀಟರ್ ಸುರುಳಿಯನ್ನು ಅಳೆಯಬಲ್ಲದು. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. 0.2 ಅಥವಾ 0.3 ತೋರಿಸೀತು, ಅದು ಕಡ್ಡಿಗಳದೇ ರೋಧ. ಬರೆದುಕೊಳ್ಳಿ. ಆಮೇಲೆ ಸುರುಳಿಯ ಒಳತುದಿ, ಹೊರತುದಿ ಎರಡನ್ನೂ ಒಂದು ಸೆಂಟಿಮೀಟರ್ ಸುಲಿದು, ಎಳೆಗಳನ್ನು ಬೆರಳಿನಿಂದ ಹೊಸೆದು ಕಡ್ಡಿಗಳನ್ನು ಬಲವಾಗಿ ಒತ್ತಿ. ಅಂಕಿ ಕುಣಿದು ನಿಲ್ಲುವವರೆಗೆ ಕಾಯಿರಿ. ಬಂದ ಅಂಕಿಯಿಂದ ಕಡ್ಡಿಯ ರೋಧ ಕಳೆದಾಗ 2.5ರ ಸುರುಳಿಗೆ 0.72 ಓಮ್, 1.5ಕ್ಕೆ 1.2, 1ಕ್ಕೆ 1.75ರ ಆಸುಪಾಸು ಸಿಗಬೇಕು. ಬೇಸಿಗೆಯಲ್ಲಿ ಇದರ ಮೇಲೆ ನೂರಕ್ಕೆ ನಾಲ್ಕೈದು ಸೇರಿಸಿಕೊಳ್ಳಿ. 2.5 ಎಂದು ಬರೆದ ಸುರುಳಿ 1.1 ತೋರಿಸಿದರೆ ಒಳಗಿರುವುದು ತಾಮ್ರವಲ್ಲ, ಅಥವಾ 2.5 ಅಲ್ಲ. ಅಂಗಡಿಯವರಿಗೆ ಮೀಟರನ್ನು ತೋರಿಸಿದರೆ ಮಾತು ಬೇಗ ಮುಗಿಯುತ್ತದೆ.

ಮನೆ ವೈರಿಂಗಿನ ವೈರ್ ಕೊಳ್ಳುವುದಾದರೆ ಹೊದಿಕೆಯ ಮೇಲೆ ಭಾರತೀಯ ಮಾನದಂಡ ಐಎಸ್ 694ರ ಗುರುತು ಅಚ್ಚಾಗಿದೆಯೇ ನೋಡಿ.

ಹಂತ 6: ತುದಿ ಸಿದ್ಧಪಡಿಸಿ

ವೈರಿನಿಂದ ದನಿ ಕೆಟ್ಟಿತು ಎನ್ನುವ ಹತ್ತು ದೂರುಗಳಲ್ಲಿ ಹೆಚ್ಚಿನವು ತುದಿಯಲ್ಲೇ ಹುಟ್ಟುತ್ತವೆ.

ಎಳೆ ತಂತಿಯನ್ನು 10–12 ಮಿ.ಮೀ. ಸುಲಿಯಿರಿ. ಸ್ಟ್ರಿಪ್ಪರಿನ ಸರಿಯಾದ ಅಳತೆಯ ತೂತನ್ನೇ ಬಳಸಿ. ಚಿಕ್ಕ ತೂತಾದರೆ ಹೊದಿಕೆಯ ಜೊತೆ ನಾಲ್ಕಾರು ಎಳೆಗಳೂ ಕತ್ತರಿಸಿ ಬರುತ್ತವೆ. ಸುಲಿದ ತುದಿಯನ್ನು ಅವು ಮೊದಲೇ ಹೊಸೆದುಕೊಂಡಿರುವ ದಿಕ್ಕಿನಲ್ಲೇ ಬಿಗಿಯಾಗಿ ತಿರುಚಿ, ಬೆಳಕಿಗೆ ಹಿಡಿದು ಹೊರಚಾಚಿದ ಎಳೆ ಇದೆಯೇ ನೋಡಿ. ಒಂದೇ ಒಂದು ಎಳೆ ಪಕ್ಕದ ಪೋಸ್ಟಿಗೆ ತಾಗಿದರೂ ಆಂಪ್ಲಿಫೈಯರ್ ತನ್ನನ್ನು ತಾನೇ ಆಫ್ ಮಾಡಿಕೊಂಡು ಪ್ರೊಟೆಕ್ಷನ್‌ಗೆ ಹೋಗುತ್ತದೆ. ಹಳೆಯ ಯಂತ್ರವಾದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ತುದಿಗೆ ಸರಿಯಾದ ಅಳತೆಯ ಪಿನ್ ಲಗ್ ತೊಡಿಸಿ ಕ್ರಿಂಪ್ ಮಾಡಿದರೆ (ಅದುಮಿ ಬಿಗಿದರೆ) ಈ ಭಯವಿಲ್ಲ, ಸ್ಪ್ರಿಂಗ್ ಕ್ಲಿಪ್ಪಿಗೂ ಅದು ಸಲೀಸಾಗಿ ಇಳಿಯುತ್ತದೆ. ತಿರುಪಿನ ಕೆಳಗೆ ಕೂರುವ ತುದಿಗೆ ಸೋಲ್ಡರ್ ಹಚ್ಚಬೇಡಿ. ಸೋಲ್ಡರ್ ಒತ್ತಡಕ್ಕೆ ಮೆಲ್ಲಗೆ ಜರುಗುವ ಮೆತ್ತನೆಯ ಲೋಹ. ಇಂದು ಬಿಗಿ ಮಾಡಿದ್ದು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ.

ಒಂಟಿ ತಂತಿಯ ತುದಿಗೆ ಇಷ್ಟೆಲ್ಲ ಶಾಸ್ತ್ರವಿಲ್ಲ. ಸುಲಿದು ತೂರಿಸಿದರೆ ಆಯಿತು. ಸ್ಪ್ರಿಂಗ್ ಕ್ಲಿಪ್ಪಿಗೆ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಆದರೆ ಬ್ಲೇಡಿನಿಂದ ಸುಲಿಯುವಾಗ ತಾಮ್ರದ ಸುತ್ತ ಗೀರು ಬಿದ್ದರೆ ಮುಂದೆ ಅಲ್ಲೇ ಮುರಿಯುತ್ತದೆ. ಎನಾಮೆಲ್ ತಂತಿಯಾದರೆ ಲೇಪವನ್ನು ಮರಳುಕಾಗದದಿಂದ ಸುತ್ತಲೂ ಪೂರ್ತಿ ಉಜ್ಜಿ ತೆಗೆಯಿರಿ. ಬೈಂಡಿಂಗ್ ಪೋಸ್ಟಿನ ತೂತಿಗೆ ತೂರಿಸುವ ಬನಾನಾ ಪ್ಲಗ್ಗಿನ ಪಕ್ಕದ ತಿರುಪು ಗುಂಡನೆಯ ಒಂಟಿ ತಂತಿಯ ಮೇಲೆ ಜಾರುವುದುಂಟು. ತುದಿಯನ್ನು ಮಡಚಿ ಜೋಡಿಯಾಗಿಸಿ ತೂರಿಸಿದರೆ ಹಿಡಿತ ಬರುತ್ತದೆ. ದಪ್ಪ ಒಂಟಿ ತಂತಿ ತನ್ನ ಬಿಗಿತದಿಂದ ಟರ್ಮಿನಲ್ಲನ್ನೇ ಮೀಟುತ್ತಿರುತ್ತದೆ. ಪೆಟ್ಟಿಗೆಯ ಹಿಂದೆ ಒಂದು ಸಡಿಲ ಬಳಸು ಬಿಟ್ಟು ಆ ಭಾರ ಇಳಿಸಿ.

ಹಂತ 7: ಆನ್ ಮಾಡುವ ಮುನ್ನ

ಸ್ಪೀಕರ್ ಕಡೆ ಜೋಡಿಸಿ, ಆಂಪ್ಲಿಫೈಯರ್ ಕಡೆಯ ತುದಿಗಳನ್ನು ಬಿಡಿಯಾಗಿಟ್ಟುಕೊಂಡು ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರಾದರೆ 5ರಿಂದ 7 ಓಮ್ ಕಾಣಬೇಕು. ಸೊನ್ನೆಯ ಹತ್ತಿರವಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಅಂಕಿಯೇ ಬರದಿದ್ದರೆ ಎಲ್ಲೋ ತುಂಡಾಗಿದೆ. ಇನ್ನು 1.5 ವೋಲ್ಟ್ ಸೆಲ್ಲಿನ ಧನ ತುದಿಯನ್ನು ಕೆಂಪು ವೈರಿಗೆ, ಋಣ ತುದಿಯನ್ನು ಕಪ್ಪಿಗೆ ಕ್ಷಣಕಾಲ ತಾಗಿಸಿ. ವೂಫರಿನ (ಬೇಸ್ ನುಡಿಸುವ ದೊಡ್ಡ ಸ್ಪೀಕರಿನ) ಕೋನ್ ಎರಡೂ ಪೆಟ್ಟಿಗೆಗಳಲ್ಲಿ ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಕ್ಕೆ, ಜಿಗಿಯಬೇಕು. ಒಂದು ಒಳಕ್ಕೂ ಇನ್ನೊಂದು ಹೊರಕ್ಕೂ ಹೋದರೆ ಒಂದು ಕಡೆ ವೈರ್ ಅದಲು ಬದಲಾಗಿದೆ; ಹಾಗೇ ಬಿಟ್ಟರೆ ಬೇಸ್ ಮಾಯವಾಗಿ ಗಾಯಕರ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುವುದಿಲ್ಲ.

ಮೂರು ತಂತಿಯ ಕೇಬಲ್ ಮನೆಯಲ್ಲಿದೆ ಎಂದು ಎರಡು ಸ್ಪೀಕರ್‌ಗಳ ಋಣವನ್ನು ಒಂದೇ ತಂತಿಯಲ್ಲಿ ಒಯ್ಯುವ ಉಳಿತಾಯಕ್ಕೆ ಹೋಗಬೇಡಿ. ಈಗಿನ ಅನೇಕ ಕ್ಲಾಸ್ ಡಿ (ಸ್ವಿಚಿಂಗ್ ಮಾದರಿಯ) ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ ಕೂಡ ಸಿಗ್ನಲ್ ಹೊತ್ತಿರುತ್ತದೆ. ಎರಡನ್ನು ಸೇರಿಸಿದರೆ ಯಂತ್ರ ಸುಟ್ಟುಹೋದೀತು.

ಹಂತ 8: ಕಿವಿಯಿಂದಲೇ ಹೋಲಿಸಬೇಕೆಂದಿದ್ದರೆ

2007ರಲ್ಲಿ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ, 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ಲಿಗೂ ಸಾಮಾನ್ಯ ಕೇಬಲ್ಲಿಗೂ ಇರುವ ವ್ಯತ್ಯಾಸವನ್ನು ಕಣ್ಣಿಗೆ ಕಾಣದಂತೆ ಕೇಳಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದ್ದರು. ಆ ಹಣ ಯಾರ ಪಾಲಿಗೂ ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಇಷ್ಟು ದೊಡ್ಡ ಪಣ ಬೇಡ. ವಿಧಾನ ಮಾತ್ರ ಅದೇ ಇರಲಿ.

ಒಂದೇ ದಪ್ಪದ, ಒಂದೇ ಉದ್ದದ ಎರಡು ಬಗೆಯ ವೈರ್ ಸಿದ್ಧಪಡಿಸಿ. ಎರಡರ ಒಂದು ತುದಿಯೂ ಆಂಪ್ಲಿಫೈಯರಿಗೇ ಸೇರಿರಲಿ. ಸ್ಪೀಕರ್ ಬಳಿ ಎರಡು ದಾರಿಯ, ಆರು ಕಾಲಿನ, 10 ಆಂಪಿಯರ್ ತಾಳುವ ಟಾಗಲ್ ಸ್ವಿಚ್ ಕೂರಿಸಿದರೆ ವೈರ್ ಬಿಚ್ಚಿ ಕಟ್ಟುವ ಗೋಳಿಲ್ಲ. ಒಂದು ಪೆಟ್ಟಿಗೆಯಲ್ಲಿ ಪರೀಕ್ಷಿಸಿದರೆ ಸಾಕು. 200 ಹರ್ಟ್ಸ್‌ನ ಸ್ವರ ಹಚ್ಚಿ, ಸ್ವಿಚ್ಚಿನ ಎರಡೂ ಸ್ಥಾನಗಳಲ್ಲಿ ಸ್ಪೀಕರ್ ಟರ್ಮಿನಲ್ಲಿನ ಎಸಿ ವೋಲ್ಟೇಜ್ ಅಳೆಯಿರಿ. ನೂರಕ್ಕೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ನೀವು ಹೋಲಿಸುತ್ತಿರುವುದು ದಪ್ಪವನ್ನು, ಬಗೆಯನ್ನಲ್ಲ. ತುಸು ಜೋರಾದ ದನಿಯನ್ನು ನಮ್ಮ ಕಿವಿ ಉತ್ತಮ ದನಿಯೆಂದು ಹೇಳಿಬಿಡುತ್ತದೆ.

ಇನ್ನು ಮನೆಯವರೊಬ್ಬರನ್ನು ಸ್ವಿಚ್ಚಿನ ಬಳಿ ಪರದೆಯ ಹಿಂದೆ ಕೂರಿಸಿ. ಅವರು ಪ್ರತಿ ಸಲ ನಾಣ್ಯ ಚಿಮ್ಮಿ ಸ್ವಿಚ್ ಹಾಕಲಿ, ಬರೆದುಕೊಳ್ಳಲಿ, ಬಾಯಿ ಬಿಡದಿರಲಿ. ನೀವೂ ನಿಮ್ಮ ಊಹೆ ಬರೆಯುತ್ತಾ ಹೋಗಿ. ಸಣ್ಣ ವ್ಯತ್ಯಾಸ ಹಿಡಿಯಲು ಹಾಡಿಗಿಂತ ಪಿಂಕ್ ನಾಯ್ಸ್ (ಎಲ್ಲ ಕಂಪನಾಂಕಗಳೂ ಬೆರೆತ ಸುಯ್ ಸದ್ದು) ಮೇಲು. ಅದು ಬೇಸರವೆನಿಸಿದರೆ ಎಡೆಬಿಡದೆ ನುಡಿಯುವ ತಂಬೂರಿಯ ಶ್ರುತಿ ಒಳ್ಳೆಯದು, ಮೇಲಿನ ಸ್ವರಾಂಶಗಳೆಲ್ಲ ಅದರಲ್ಲಿ ಒಟ್ಟಿಗೆ ಇರುತ್ತವೆ. ಹದಿನಾರು ಸಲದಲ್ಲಿ ಹನ್ನೆರಡು ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹಾಗೆ ಬಂದಾಗ ಕೂಡಲೇ ಒಂದರ ಗುಣಗಾನಕ್ಕೆ ತೊಡಗುವ ಬದಲು ತುದಿಗಳನ್ನು ಬಿಚ್ಚಿ, ಮತ್ತೆ ಸುಲಿದು, ತಿರುಪುಗಳನ್ನು ಬಿಗಿ ಮಾಡಿ ಇನ್ನೊಂದು ಸುತ್ತು ನೋಡಿ.